ಸೂರ್ಯ ಹುಟ್ಟುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರಬೇಕು

ಸೂರ್ಯೋದಯದ ಭೂದೃಶ್ಯ ತೆಗೆಯಲು ಹೊರಟವರು ಸಾಮಾನ್ಯವಾಗಿ ಫೋನಿನಲ್ಲಿ ಉದಯದ ಸಮಯ ನೋಡಿಕೊಂಡು, ಅದಕ್ಕೆ ಐದು ನಿಮಿಷ ಮೊದಲು ಸ್ಥಳಕ್ಕೆ ಬಂದು ನಿಲ್ಲುತ್ತಾರೆ. ಎತ್ತರದ ಮೋಡಗಳ ಬಣ್ಣ ಆಗಲೇ ಇಳಿಯತೊಡಗಿರುತ್ತದೆ. ಟ್ರೈಪಾಡ್ ಬಿಚ್ಚಿ, ಫೋಕಸ್ ಹುಡುಕಿ, ಮೊದಲ ಫ್ರೇಮ್ ಒತ್ತುವಷ್ಟರಲ್ಲಿ ಸಿಗುವುದು ದಿಗಂತದ ಮೇಲೊಂದು ಬಿಳಿ ಕಲೆ, ಕೆಳಗೆ ಕಪ್ಪು ನೆಲ. ಇದಕ್ಕೆ ಕ್ಯಾಮೆರಾ ಬದಲಿಸಿ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಬೆಳಕು ಎಷ್ಟು ಬೇಗ ಏರುತ್ತದೆ ಎಂಬ ಲೆಕ್ಕ ತಲೆಯಲ್ಲಿದ್ದರೆ ಉಳಿದ ನಿರ್ಧಾರಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಲೆಕ್ಕ ಹೀಗಿದೆ. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿರುವ ಕ್ಷಣದಿಂದ ಉದಯದವರೆಗಿನ ಅವಧಿಗೆ ಸಿವಿಲ್ ಟ್ವಿಲೈಟ್ ಎನ್ನುತ್ತಾರೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಇದು ಸುಮಾರು 21ರಿಂದ 24 ನಿಮಿಷ. 50 ಡಿಗ್ರಿ ಅಕ್ಷಾಂಶದಲ್ಲಿ ಅರ್ಧ ಗಂಟೆ ದಾಟುತ್ತದೆ, ಏಕೆಂದರೆ ಅಲ್ಲಿ ಸೂರ್ಯ ನೆಟ್ಟಗೆ ಏರದೆ ಓರೆಯಾಗಿ ಏರುತ್ತಾನೆ. ಶುಭ್ರ ಆಕಾಶವಿದ್ದರೆ ಈ ಅವಧಿಯ ಆರಂಭದಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 3.4 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ), ಉದಯದ ಹೊತ್ತಿಗೆ ಸುಮಾರು 400 ಲಕ್ಸ್. ನೂರು ಪಟ್ಟಿಗೂ ಹೆಚ್ಚು. ಛಾಯಾಗ್ರಾಹಕರ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳು ಸ್ಟಾಪ್; ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು. 22 ನಿಮಿಷದಲ್ಲಿ ಏಳು ಸ್ಟಾಪ್ ಎಂದರೆ ಮೂರು ನಿಮಿಷಕ್ಕೊಮ್ಮೆ ಬೆಳಕು ಇಮ್ಮಡಿಯಾಗುತ್ತದೆ. ಕ್ಯಾಮೆರಾದ ಡಯಲ್ ಒಂದೊಂದು ಕ್ಲಿಕ್‌ಗೆ ಮೂರನೇ ಒಂದು ಸ್ಟಾಪ್ ಸರಿಯುವುದರಿಂದ, ಮ್ಯಾನುಯಲ್ ಮೋಡ್‌ನಲ್ಲಿರುವವರಿಗೆ ಒಂದು ಸುಲಭ ಸೂತ್ರ ಸಿಗುತ್ತದೆ: ನಿಮಿಷಕ್ಕೊಂದು ಕ್ಲಿಕ್. ಮೋಡ ಅಡ್ಡ ಬಂದರೆ ಲೆಕ್ಕ ಏರುಪೇರಾಗುತ್ತದೆ, ಆದರೂ ಕೈ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಓಡಬೇಕೆಂಬುದು ಗೊತ್ತಿರುತ್ತದೆ.

ಇದೇ ಲೆಕ್ಕದ ಪ್ರಕಾರ ಐಎಸ್‌ಒ (ಸೆನ್ಸರ್‌ನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ, ಅಂಕಿ ಹೆಚ್ಚಾದಷ್ಟು ಕಿರಿದು) ಎಫ್/8ರಲ್ಲಿ ನೆಲಕ್ಕೆ ಬೇಕಾಗುವ ಎಕ್ಸ್‌ಪೋಷರ್, ಅಂದರೆ ಶಟರ್ ತೆರೆದಿರುವ ಸಮಯ, ಟ್ವಿಲೈಟ್‌ನ ಆರಂಭದಲ್ಲಿ ಮುಕ್ಕಾಲು ನಿಮಿಷದಷ್ಟು, ಉದಯದ ಹೊತ್ತಿಗೆ ಅರ್ಧ ಸೆಕೆಂಡಿಗಿಂತ ಕಡಿಮೆ. ಪೂರ್ವದ ಆಕಾಶಕ್ಕೆ ಇದರ ಒಂದು ಸಣ್ಣ ಭಾಗ ಸಾಕು. ಇಲ್ಲಿ ಅನೇಕರು ಗಮನಿಸದ, ಸಮಯ ಕದಿಯುವ ಕಳ್ಳನೊಬ್ಬನಿದ್ದಾನೆ: ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್, ಅಂದರೆ ದೀರ್ಘ ಎಕ್ಸ್‌ಪೋಷರ್‌ನಲ್ಲಿ ಮೂಡುವ ಚುಕ್ಕೆಗಳನ್ನು ಅಳಿಸುವ ಸೌಲಭ್ಯ. ಅದು ಆನ್ ಆಗಿದ್ದರೆ 30 ಸೆಕೆಂಡಿನ ಪ್ರತಿ ಚಿತ್ರದ ಬಳಿಕ ಕ್ಯಾಮೆರಾ ಇನ್ನೊಂದು 30 ಸೆಕೆಂಡ್ ಶಟರ್ ಮುಚ್ಚಿಕೊಂಡು ಕಪ್ಪು ಫ್ರೇಮ್ ತೆಗೆಯುತ್ತದೆ. ಇರುವುದೇ ಇಪ್ಪತ್ತು ಚಿಲ್ಲರೆ ನಿಮಿಷ. ಅದರಲ್ಲಿ ಅರ್ಧವನ್ನು ಇದಕ್ಕೆ ಕೊಡಬಾರದು. ಮುಂಜಾವಿನ ತಂಪಿನಲ್ಲಿ, 30 ಸೆಕೆಂಡಿನೊಳಗಿನ ಎಕ್ಸ್‌ಪೋಷರ್‌ಗಳಲ್ಲಿ ಈ ಸೌಲಭ್ಯ ಇಲ್ಲದೆಯೂ ಧಾರಾಳವಾಗಿ ನಡೆಯುತ್ತದೆ.

ಹೊಸ ಜಾಗವಾದರೆ ಉದಯಕ್ಕೆ ಒಂದು ಗಂಟೆ ಮೊದಲು, ಪರಿಚಿತ ಜಾಗವಾದರೆ ಮುಕ್ಕಾಲು ಗಂಟೆ ಮೊದಲು ಟ್ರೈಪಾಡ್ ಇಡುವ ಬಿಂದುವಿನಲ್ಲಿರಬೇಕು. ವಾಹನ ನಿಲ್ಲಿಸುವ ಜಾಗದಲ್ಲಲ್ಲ. ಸಾಧ್ಯವಿದ್ದರೆ ಹಿಂದಿನ ದಿನ ಹಗಲಿನಲ್ಲೇ ಹೋಗಿ ಮುನ್ನೆಲೆ ಆರಿಸಿ, ಯಾವ ಕಲ್ಲಿನ ಪಕ್ಕ, ಯಾವ ಎತ್ತರದಲ್ಲಿ, ಎಷ್ಟು ಮಿಲಿಮೀಟರ್ ಲೆನ್ಸ್ ಎಂದು ಫೋನಿನಲ್ಲೊಂದು ಚಿತ್ರ ಹಿಡಿದಿಟ್ಟುಕೊಳ್ಳಿ. ಕತ್ತಲಲ್ಲಿ ಟಾರ್ಚ್ ಹಿಡಿದು ಮುನ್ನೆಲೆ ಹುಡುಕಿದರೆ ಕಾಲಿನ ಬುಡದಲ್ಲಿರುವುದಷ್ಟೇ ಕಾಣುತ್ತದೆ.

ಸೂರ್ಯ ಎಲ್ಲಿ ಬರುತ್ತಾನೆ

ಸರಿಯಾಗಿ ಪೂರ್ವದಲ್ಲಿ ಸೂರ್ಯ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸು. ಜೂನ್‌ನಲ್ಲಿ ಅವನು ಉತ್ತರಕ್ಕೂ ಡಿಸೆಂಬರ್‌ನಲ್ಲಿ ದಕ್ಷಿಣಕ್ಕೂ ವಾಲಿರುತ್ತಾನೆ: 15 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 24 ಡಿಗ್ರಿ, 40 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 31 ಡಿಗ್ರಿ. ವಿಷುವದ, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಿರುವ ಆ ಎರಡು ದಿನಗಳ ಆಸುಪಾಸಿನಲ್ಲಿ ಉದಯದ ಬಿಂದು ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುತ್ತದೆ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ. ಅಂದರೆ ಒಂದು ಶಿಖರದ ಹಿಂದೆಯೇ, ಒಂದು ಒಂಟಿ ಮರದ ಹಿಂದೆಯೇ ಸೂರ್ಯ ಬರಬೇಕೆಂದಿದ್ದರೆ ಮಾರ್ಚ್‌ನಲ್ಲಿ ಎರಡು ದಿನ ತಡಮಾಡಿದರೂ ಜೋಡಣೆ ತಪ್ಪುತ್ತದೆ. ಜೂನ್, ಡಿಸೆಂಬರ್‌ಗಳ ಮೂರನೇ ವಾರದಲ್ಲಿ ಬಿಂದು ಬಹುತೇಕ ನಿಂತೇ ಇರುತ್ತದೆ, ಒಂದು ವಾರ ಆಚೀಚೆಯಾದರೂ ಪರವಾಗಿಲ್ಲ.

ಫೋಟೋಪಿಲ್ಸ್‌ನಂಥ ಆ್ಯಪ್‌ಗಳು ನಕ್ಷೆಯ ಮೇಲೆ ಸೂರ್ಯ ಹುಟ್ಟುವ ದಿಕ್ಕಿನ ಗೆರೆಯನ್ನು ಎಳೆದು ತೋರಿಸುತ್ತವೆ. ಫೋನಿನ ದಿಕ್ಸೂಚಿಯಲ್ಲಿ ಪರೀಕ್ಷಿಸುವಾಗ ನಿಜ ಉತ್ತರದ ಆಯ್ಕೆ ಆನ್ ಇದೆಯೇ ನೋಡಿಕೊಳ್ಳಿ; ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಕೆಲವು ಪ್ರದೇಶಗಳಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿದೆ. ಟ್ರೈಪಾಡ್‌ನ ಲೋಹದ ಕಾಲಿಗೆ ಅಥವಾ ಕಾರಿಗೆ ಒರಗಿಕೊಂಡು ದಿಕ್ಸೂಚಿ ನೋಡುವುದೂ ಬೇಡ.

ಇನ್ನೊಂದು ಎಡವಟ್ಟು ಗುಡ್ಡಗಳಲ್ಲಿ ಆಗುತ್ತದೆ. ಆ್ಯಪ್ ಹೇಳುವ ಉದಯ ಸಮಯ ಸಮತಟ್ಟಾದ ದಿಗಂತಕ್ಕೆ. ಎದುರಿಗೆ 5 ಡಿಗ್ರಿ ಎತ್ತರದ ಗುಡ್ಡಸಾಲಿದ್ದರೆ ಸೂರ್ಯ ಅದನ್ನು ದಾಟಲು ಇನ್ನೂ 20 ನಿಮಿಷಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ಅವನು ಪಕ್ಕಕ್ಕೂ ಸರಿದಿರುತ್ತಾನೆ: ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ. ವಿಷುವದ ಹೊತ್ತಿನಲ್ಲಿ 45 ಡಿಗ್ರಿ ಅಕ್ಷಾಂಶದಲ್ಲಿ 5 ಡಿಗ್ರಿ ಏರುವುದರೊಳಗೆ ಪಕ್ಕಕ್ಕೂ ಸುಮಾರು 5 ಡಿಗ್ರಿ, ಅಂದರೆ ಹತ್ತು ಬಿಂಬಗಳಷ್ಟು ಸರಿಯುತ್ತಾನೆ.

ಮೋಡ

ಪೂರ್ತಿ ಶುಭ್ರವಾದ ಆಕಾಶ ಭೂದೃಶ್ಯದವರಿಗೆ ಅಷ್ಟೇನೂ ಒಳ್ಳೆಯ ಸುದ್ದಿಯಲ್ಲ. ಬಣ್ಣ ಹಿಡಿಯಲು ಒಂದು ಪರದೆ ಬೇಕು, ಆ ಪರದೆ ಎತ್ತರದ, ತೆಳುವಾದ ಮೋಡ. ನೆತ್ತಿಯ ಮೇಲೆ 10 ಕಿ.ಮೀ. ಎತ್ತರದಲ್ಲಿರುವ ಮೋಡಕ್ಕೆ ಸೂರ್ಯ ದಿಗಂತದಿಂದ ಸುಮಾರು 3 ಡಿಗ್ರಿ ಕೆಳಗಿರುವಾಗಲೇ ಕಿರಣ ತಾಗುತ್ತದೆ, ಅಂದರೆ ಉದಯಕ್ಕೆ ಸುಮಾರು ಹತ್ತು ನಿಮಿಷ ಮೊದಲು. ಪೂರ್ವ ದಿಗಂತದ ಕಡೆಗಿರುವ ಮೋಡಗಳಿಗೆ ಇನ್ನೂ ಮೊದಲು. 3 ಕಿ.ಮೀ. ಎತ್ತರದ ಮೋಡಕ್ಕಾದರೆ ನಾಲ್ಕೈದು ನಿಮಿಷ ಮೊದಲಷ್ಟೆ. ಹಾಗಾಗಿ ಬಣ್ಣ ಪೂರ್ವದಲ್ಲಿ ಹೊತ್ತಿಕೊಂಡು ನೆತ್ತಿಯತ್ತ ಹರಿದುಬರುತ್ತದೆ. ಎತ್ತರದ ಮೋಡ ಮೊದಲು, ತಗ್ಗಿನದು ಆಮೇಲೆ.

ಇದರಲ್ಲೇ ಇನ್ನೊಂದು ಸಂಗತಿ ಅಡಗಿದೆ. ಆ 10 ಕಿ.ಮೀ. ಎತ್ತರದ ಮೋಡಕ್ಕೆ ತಗುಲುವ ಕಿರಣ ನೆಲವನ್ನು ಸವರಿಕೊಂಡು ಬರುವುದು ನಿಮ್ಮಿಂದ ಸುಮಾರು 350 ಕಿ.ಮೀ. ಪೂರ್ವದಲ್ಲಿ. ಅಲ್ಲಿ ದಟ್ಟವಾದ ಮೋಡ ಕವಿದಿದ್ದರೆ ನಿಮ್ಮ ತಲೆಯ ಮೇಲೆ ಎಷ್ಟು ಸೊಗಸಾದ ಮೋಡವಿದ್ದರೂ ಅದು ಬೂದಿ ಬಣ್ಣದಲ್ಲೇ ಉಳಿಯುತ್ತದೆ. ಆದ್ದರಿಂದ ಊರಿನ ಹವಾಮಾನ ಮುನ್ಸೂಚನೆಯೊಂದನ್ನೇ ನೋಡಿದರೆ ಸಾಲದು. ಹೊರಡುವ ಮುನ್ನ ಉಪಗ್ರಹದ ಇನ್ಫ್ರಾರೆಡ್ ಚಿತ್ರ ತೆರೆದು ಪೂರ್ವಕ್ಕೆ ಇನ್ನೂರರಿಂದ ನಾನೂರು ಕಿ.ಮೀ.ವರೆಗೆ ನೋಡಿ, ರಾತ್ರಿಯಲ್ಲಿ ಕೆಲಸಕ್ಕೆ ಬರುವುದು ಇದೇ. ಎತ್ತರದ ತಣ್ಣನೆಯ ಮೋಡಗಳು ಅದರಲ್ಲಿ ಬೆಳ್ಳಗೆ ಕಾಣುತ್ತವೆ, ತಗ್ಗಿನ ಮೋಡಗಳು ನೆಲದೊಂದಿಗೆ ಬೆರೆತು ಕಾಣದೆಯೂ ಹೋಗಬಹುದು. ಅದಕ್ಕೆ ಪೂರಕವಾಗಿ ತಗ್ಗಿನ, ನಡುವಣ, ಎತ್ತರದ ಮೋಡಗಳನ್ನು ಬೇರೆ ಬೇರೆ ಶೇಕಡಾವಾರು ತೋರಿಸುವ ಮುನ್ಸೂಚನೆ ಬೇಕು. ನನ್ನ ಆಯ್ಕೆ: ಎತ್ತರದ್ದು ಶೇ. 30ರಿಂದ 70, ತಗ್ಗಿನದು ಶೇ. 20ಕ್ಕಿಂತ ಕಡಿಮೆ.

ಗಾಳಿಯಲ್ಲಿ ದೂಳು, ಹೊಗೆ ಹೆಚ್ಚಿದ್ದರೆ ಬಣ್ಣ ಹೆಚ್ಚು ಎಂಬ ನಂಬಿಕೆ ಎಲ್ಲೆಡೆ ಇದೆ. ಕೆಳಮಟ್ಟದ ದೂಳು ಸೂರ್ಯಬಿಂಬವನ್ನು ಕೆಂಪಗೆ ಮಾಡುವುದು ನಿಜ, ಆದರೆ ಮೋಡದ ಬಣ್ಣವನ್ನು ಅದು ಮಬ್ಬಾಗಿಸುತ್ತದೆ. ಮಳೆ ಬಂದು ತೊಳೆದು ಹೋದ ಮರುದಿನ ಮುಂಜಾನೆಯ ಮೋಡಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕತ್ತಲಲ್ಲಿ ಫೋಕಸ್

ಸೂರ್ಯೋದಯದ ಚಿತ್ರಗಳು ಕೆಡುವುದು ಎಕ್ಸ್‌ಪೋಷರ್‌ಗಿಂತ ಹೆಚ್ಚಾಗಿ ಇಲ್ಲಿ. ಎಕ್ಸ್‌ಪೋಷರ್ ತಪ್ಪಿದರೆ ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್) ಸ್ವಲ್ಪ ಎಳೆದಾಡಬಹುದು, ಫೋಕಸ್ ತಪ್ಪಿದ್ದನ್ನು ಯಾವ ಸಾಫ್ಟ್‌ವೇರೂ ಮರಳಿ ಕೊಡುವುದಿಲ್ಲ. ಮಬ್ಬುಗತ್ತಲಲ್ಲಿ ಆಟೊಫೋಕಸ್ ಅತ್ತಿತ್ತ ತಡಕಾಡಿ ಎಲ್ಲೋ ನಿಲ್ಲುತ್ತದೆ. ಲೆನ್ಸ್ ಮೇಲಿನ ಅನಂತದ ಗುರುತನ್ನೂ ನಂಬುವಂತಿಲ್ಲ. ಬಹಳಷ್ಟು ಆಟೊಫೋಕಸ್ ಲೆನ್ಸ್‌ಗಳ ರಿಂಗ್ ಅನಂತವನ್ನು ದಾಟಿಯೂ ತಿರುಗುತ್ತದೆ.

ಮುನ್ನೆಲೆಯಿಂದ ದೂರದ ಬೆಟ್ಟದವರೆಗೆ ಸ್ಫುಟವಾಗಿರಬೇಕಾದರೆ ಹೈಪರ್‌ಫೋಕಲ್ ದೂರ ಎಷ್ಟೆಂದು ಗೊತ್ತಿರಬೇಕು. ಫುಲ್‌ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 16 ಮಿ.ಮೀ., ಎಫ್/11ಕ್ಕೆ ಅದು ಸುಮಾರು 0.8 ಮೀಟರ್, 24 ಮಿ.ಮೀ., ಎಫ್/11ಕ್ಕೆ 1.8 ಮೀಟರ್, 24 ಮಿ.ಮೀ., ಎಫ್/8ಕ್ಕೆ 2.4 ಮೀಟರ್, 35 ಮಿ.ಮೀ., ಎಫ್/11ಕ್ಕೆ 3.7 ಮೀಟರ್. ಆ ದೂರಕ್ಕೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಅನಂತದವರೆಗೆ ಒಪ್ಪುವಷ್ಟು ಸ್ಫುಟತೆ ಸಿಗುತ್ತದೆ. ಒಪ್ಪುವಷ್ಟು ಎಂಬ ಮಾತನ್ನು ಗಮನಿಸಿ. ಈ ಅಂಕಿಗಳ ಹಿಂದಿರುವ 0.03 ಮಿ.ಮೀ. ಮಸುಕಿನ ಮಿತಿ ಫಿಲ್ಮ್ ಕಾಲದಿಂದ ಬಂದ ರೂಢಿ. ಹೆಚ್ಚು ಮೆಗಾಪಿಕ್ಸೆಲ್‌ನ ಸೆನ್ಸರ್‌ನಲ್ಲಿ ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿದರೆ ದೂರದ ಬೆಟ್ಟ ಮೆತ್ತಗೆ ಕಾಣುತ್ತದೆ. ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ದೂರಕ್ಕೆ ಫೋಕಸ್ ಮಾಡಿಕೊಳ್ಳುವುದು ಒಳ್ಳೆಯದು.

ಮಾಡುವ ವಿಧಾನ: ಆ ದೂರದಲ್ಲಿರುವ ಕಲ್ಲಿನ ಮೇಲೆ ಟಾರ್ಚ್ ಬಿಟ್ಟು, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ) ಹತ್ತು ಪಟ್ಟು ಹಿಗ್ಗಿಸಿ, ಮ್ಯಾನುಯಲ್ ರಿಂಗ್ ತಿರುಗಿಸಿ ಹೊಂದಿಸಿ. ಮುನ್ನೆಲೆ ಇಲ್ಲದ ದೃಶ್ಯವಾದರೆ ದೂರದ ಒಂದು ದೀಪಕ್ಕೋ ಉಜ್ಜ್ವಲ ನಕ್ಷತ್ರಕ್ಕೋ ಹೀಗೇ ಹಿಡಿಯಬಹುದು. ಬಳಿಕ ಆಟೊಫೋಕಸ್ ಆಫ್ ಮಾಡಿ, ರಿಂಗ್ ಅಲುಗದಂತೆ ಅಂಟುಪಟ್ಟಿ ಸುತ್ತಿ. ಜೂಮ್ ಬದಲಿಸಿದರೆ ಫೋಕಸ್ ಮತ್ತೆ ನೋಡಬೇಕು. ಹೆಚ್ಚಿನ ಜೂಮ್ ಲೆನ್ಸ್‌ಗಳು ಜೂಮ್ ಮಾಡುವಾಗ ಫೋಕಸ್ ಉಳಿಸಿಕೊಳ್ಳುವುದಿಲ್ಲ. ಹೂವೋ ಹುಲ್ಲೋ ಲೆನ್ಸಿಗೆ ಒಂದೆರಡು ಗೇಣು ಹತ್ತಿರವಿದ್ದರೆ ಎಫ್/16, ಎಫ್/22ಕ್ಕೆ ಓಡಬೇಡಿ. ವಿವರ್ತನೆಯಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/8ರಲ್ಲೇ ಹತ್ತಿರಕ್ಕೊಂದು, ನಡುವೆ ಒಂದು, ದೂರಕ್ಕೊಂದು ಫೋಕಸ್ ಮಾಡಿ ತೆಗೆದು ಮನೆಯಲ್ಲಿ ಸೇರಿಸಿ. ಗಾಳಿಗೆ ಹುಲ್ಲು ಅಲ್ಲಾಡುತ್ತಿದ್ದರೆ ಇದು ಹೊಂದುವುದಿಲ್ಲ, ಆಗ ಒಂದು ಹೆಜ್ಜೆ ಹಿಂದೆ ಸರಿಯುವುದೇ ಪರಿಹಾರ.

ಟ್ರೈಪಾಡ್ ಬಗ್ಗೆ ಎರಡು ಮಾತು ಸಾಕು. ನಡುಗಂಬವನ್ನು ಏರಿಸಬೇಡಿ. ಮರಳಿನಲ್ಲಿ ಕಾಲುಗಳನ್ನು ಒತ್ತಿ ಹೂತು, ಒಂದೆರಡು ಅಲೆ ಬಂದು ಹೋಗಿ ಕುಳಿತುಕೊಳ್ಳಲು ಬಿಟ್ಟು, ಆಮೇಲೆ ಫ್ರೇಮ್ ಸರಿಪಡಿಸಿ. ಶಟರ್‌ಗೆ 2 ಸೆಕೆಂಡ್ ಟೈಮರ್ ಅಥವಾ ರಿಮೋಟ್. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಷನ್ ಆಫ್.

ಎಕ್ಸ್‌ಪೋಷರ್, ಫಿಲ್ಟರ್

ಆಕಾಶಕ್ಕೂ ನೆಲಕ್ಕೂ ನಡುವಿನ ಅಂತರ ಉದಯಕ್ಕೆ ಮೊದಲು ಮೂರರಿಂದ ಐದು ಸ್ಟಾಪ್ ಇರುತ್ತದೆ. ಈಗಿನ ಒಳ್ಳೆಯ ಸೆನ್ಸರ್‌ಗಳು ಐಎಸ್‌ಒ 100ರಲ್ಲಿ ಇದನ್ನು ಒಂದೇ ರಾ ಫೈಲ್‌ನಲ್ಲಿ ಹಿಡಿಯಬಲ್ಲವು, ಒಂದೇ ಷರತ್ತು: ಆಕಾಶ ಸುಡಬಾರದು. ನೆರಳನ್ನು ಮೂರು ಸ್ಟಾಪ್ ಮೇಲೆತ್ತಬಹುದು, ಬೆಳ್ಳಗೆ ಸುಟ್ಟದ್ದರಿಂದ ಬಣ್ಣ ಹೊರತೆಗೆಯಲಾಗದು. ಆದ್ದರಿಂದ ಅತಿ ಪ್ರಕಾಶಮಾನವಾದ ಮೋಡ ಹಿಸ್ಟೊಗ್ರಾಂನ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರ) ಬಲತುದಿಯ ಹತ್ತಿರ ಬರಲಿ, ತಾಗದಿರಲಿ. ಇಲ್ಲಿ ಬೆಳಕಿನ ಒಟ್ಟು ಹಿಸ್ಟೊಗ್ರಾಂ ಸಾಲದು, ಕೆಂಪು-ಹಸಿರು-ನೀಲಿ ಮೂರನ್ನೂ ತೋರಿಸುವುದನ್ನು ತೆರೆದಿಡಿ. ಮುಂಜಾವಿನ ಮೋಡದಲ್ಲಿ ಮೊದಲು ಸುಡುವುದು ಕೆಂಪು ಚಾನೆಲ್. ಒಟ್ಟು ಹಿಸ್ಟೊಗ್ರಾಂ ಸುರಕ್ಷಿತವೆಂದು ತೋರಿಸುತ್ತಿರುವಾಗಲೇ ಕೆಂಪು ಹೋಗಿರುತ್ತದೆ. ಅದು ಹೋದರೆ ಕಡುಗೆಂಪು ಮೋಡ ಹಳದಿ ತೇಪೆಯಾಗಿ ಕಾಣುತ್ತದೆ, ಅದರೊಳಗಿನ ಮಡಿಕೆಗಳೆಲ್ಲ ಅಳಿಸಿರುತ್ತವೆ.

ಸೂರ್ಯ ಫ್ರೇಮಿನೊಳಗೆ ಬಂದ ಮೇಲೆ ಒಂದು ಫೈಲ್ ಸಾಕಾಗುವುದಿಲ್ಲ. ಎರಡು ಸ್ಟಾಪ್ ಅಂತರದಲ್ಲಿ ಮೂರು, ಬೇಕಾದರೆ ಐದು ಚಿತ್ರಗಳ ಬ್ರ್ಯಾಕೆಟ್ ತೆಗೆಯಿರಿ, ಅವನ್ನು ಆಮೇಲೆ ಒಂದೇ ಚಿತ್ರವಾಗಿ ಜೋಡಿಸಬಹುದು. ಬ್ರ್ಯಾಕೆಟ್‌ನಲ್ಲಿ ಬದಲಾಗಬೇಕಾದ್ದು ಶಟರ್ ಸ್ಪೀಡ್ ಮಾತ್ರ. ಅಪರ್ಚರ್ ಬದಲಾದರೆ ಸ್ಫುಟತೆಯ ವ್ಯಾಪ್ತಿ ಬದಲಾಗಿ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ.

ಗ್ರ್ಯಾಜುಯೇಟೆಡ್ ಎನ್‌ಡಿ ಫಿಲ್ಟರ್ (ಮೇಲರ್ಧ ಮಾತ್ರ ಗಾಢವಾಗಿರುವ ಗಾಜು) ಇನ್ನೂ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಮುದ್ರಕ್ಕೆ ಬೇಕು, ಬೆಟ್ಟಕ್ಕೆ ಬೇಡ. ಅಲೆ ಪ್ರತಿ ಫ್ರೇಮಿನಲ್ಲೂ ಬೇರೆಯಾಗಿರುವುದರಿಂದ ಬ್ರ್ಯಾಕೆಟ್ ಜೋಡಿಸುವುದು ತಲೆನೋವು. ದಿಗಂತವೂ ನೇರವಾಗಿರುವುದರಿಂದ 3 ಸ್ಟಾಪ್‌ನ ಹಾರ್ಡ್ (ಗಾಢ, ತಿಳಿ ಭಾಗಗಳ ನಡುವಿನ ಗೆರೆ ಸ್ಪಷ್ಟವಾಗಿರುವ) ಫಿಲ್ಟರ್ ಸರಿಯಾಗಿ ಕೂರುತ್ತದೆ. ಬೆಟ್ಟದಲ್ಲಿ ಅದೇ ಫಿಲ್ಟರ್ ಶಿಖರಗಳ ತಲೆಯನ್ನು ಕಪ್ಪಗೆ ಕತ್ತರಿಸಿಬಿಡುತ್ತದೆ. ಕೊಳ್ಳುವುದಾದರೆ ರಿವರ್ಸ್ ಗ್ರ್ಯಾಡ್ ಕೂಡ ನೋಡಿ, ಅದರ ಅತಿ ಗಾಢ ಭಾಗ ನಡುಗೆರೆಯಲ್ಲಿದ್ದು ಮೇಲೆ ಹೋದಂತೆ ತಿಳಿಯಾಗುತ್ತದೆ. ಸೂರ್ಯೋದಯದ ಆಕಾಶವೂ ದಿಗಂತದಲ್ಲೇ ಅತಿ ಪ್ರಕಾಶಮಾನ.

ಹಿಂದೆ ಸರಿಯುವ ಅಲೆಯ ಗೆರೆಗಳು ಬೇಕಿದ್ದರೆ ಅರ್ಧದಿಂದ ಒಂದು ಸೆಕೆಂಡ್. ಅಲೆ ಮರಳತೊಡಗಿದ ತಕ್ಷಣ ಒತ್ತಬೇಕು, ಬರುವಾಗಲ್ಲ. 30 ಸೆಕೆಂಡ್ ಕೊಟ್ಟರೆ ನೀರು ಮಂಜಿನಂತಾಗಿ ಆಕಾರವೇ ಇರುವುದಿಲ್ಲ. ಬೆಳಕು ಹೆಚ್ಚಾದ ಮೇಲೆ 6 ಸ್ಟಾಪ್‌ನ ಎನ್‌ಡಿ (ಇಡೀ ಫ್ರೇಮಿನ ಬೆಳಕು ತಗ್ಗಿಸುವ ಗಾಢ ಗಾಜು) ಹಾಕಿದರೆ 1/30 ಸೆಕೆಂಡ್ ಇದ್ದದ್ದು 2 ಸೆಕೆಂಡ್ ಆಗುತ್ತದೆ, 10 ಸ್ಟಾಪ್ ಹಾಕಿದರೆ ಅರ್ಧ ನಿಮಿಷ ದಾಟುತ್ತದೆ. ಪೋಲರೈಸರ್ (ಪ್ರತಿಫಲನದ ಹೊಳಪು ತಗ್ಗಿಸುವ ಫಿಲ್ಟರ್) ಸೂರ್ಯನ ಕಡೆ ತಿರುಗಿದಾಗ ಆಕಾಶದಲ್ಲಿ ಏನೂ ಮಾಡುವುದಿಲ್ಲ, 90 ಡಿಗ್ರಿ ಪಕ್ಕಕ್ಕೆ ತಿರುಗಿದಾಗ ವೈಡ್ ಲೆನ್ಸ್‌ನಲ್ಲಿ ಆಕಾಶದ ಒಂದು ಭಾಗವನ್ನಷ್ಟೇ ಗಾಢವಾಗಿಸಿ ಪಟ್ಟೆ ಮೂಡಿಸುತ್ತದೆ. ಒದ್ದೆ ಬಂಡೆಯ ಹೊಳಪು ತೆಗೆಯಲು ಬಿಟ್ಟರೆ ಈ ಹೊತ್ತಿನಲ್ಲಿ ಅದು ಚೀಲದಲ್ಲೇ ಇರಲಿ.

ವೈಟ್ ಬ್ಯಾಲೆನ್ಸ್ (ಬಿಳಿ ಸಮತೋಲನ, ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ಹೊಂದಿಸುವುದು) ಆಟೊದಲ್ಲಿದ್ದರೆ ಕ್ಯಾಮೆರಾ ಮುಂಜಾವಿನ ಬಣ್ಣವನ್ನೇ ದೋಷವೆಂದು ತಿಳಿದು ತಟಸ್ಥಗೊಳಿಸಲು ಹೊರಡುತ್ತದೆ. ಡೇಲೈಟ್, ಅಂದರೆ 5200ರಿಂದ 5500 ಕೆಲ್ವಿನ್‌ನಲ್ಲಿ ಕಟ್ಟಿಹಾಕಿ. ರಾ ಫೈಲ್‌ನಲ್ಲಿ ಆಮೇಲೆ ಬದಲಿಸಬಹುದು ನಿಜ, ಆದರೆ ಕ್ಯಾಮೆರಾ ಪರದೆಯ ಹಿಸ್ಟೊಗ್ರಾಂ ಈ ಆಯ್ಕೆಯ ಮೇಲೆಯೇ ನಿಂತಿದೆ.

ಬಿಂಬ ಕಂಡ ಮೇಲೆ

ಟೆಲಿ ಲೆನ್ಸ್ ಇದ್ದವರು ಬಿಂಬದ ಗಾತ್ರವನ್ನು ಮೊದಲೇ ಲೆಕ್ಕ ಹಾಕಬಹುದು. ಫೋಕಲ್ ದೂರವನ್ನು 110ರಿಂದ ಭಾಗಿಸಿದರೆ ಸೆನ್ಸರ್ ಮೇಲಿನ ಸೂರ್ಯನ ವ್ಯಾಸ ಸಿಗುತ್ತದೆ: 400 ಮಿ.ಮೀ.ಗೆ 3.6 ಮಿ.ಮೀ., 24 ಮಿ.ಮೀ.ಗೆ 0.2 ಮಿ.ಮೀ. ವೈಡ್ ಲೆನ್ಸ್‌ನಲ್ಲಿ ಸೂರ್ಯ ಒಂದು ಚುಕ್ಕೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಡಿಎಸ್‌ಎಲ್‌ಆರ್‌ನ ಕನ್ನಡಿ ವ್ಯೂಫೈಂಡರ್‌ನಲ್ಲಿ ಟೆಲಿ ಮೂಲಕ ಸೂರ್ಯನನ್ನು ನೋಡುವುದು ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು; ಲೈವ್ ವ್ಯೂ ಬಳಸಿ. ಬಿಂಬ ಮೇಲೇರಿ ಕೆಂಪು ಕಳೆದ ಮೇಲೆ ಮಿರರ್‌ಲೆಸ್‌ನ ಸೆನ್ಸರ್ ಅನ್ನೂ ಅದಕ್ಕೆ ಒಡ್ಡಿ ಬಿಟ್ಟಿರಬಾರದು, ಚಿತ್ರಗಳ ನಡುವೆ ಕ್ಯಾಪ್ ಮುಚ್ಚಿ.

ನಕ್ಷತ್ರದಂತೆ ಕಿರಣ ಚಾಚಬೇಕೆಂದರೆ ಸೂರ್ಯ ಬೆಟ್ಟದ ಅಥವಾ ಕೊಂಬೆಯ ಅಂಚಿನಲ್ಲಿ ಅರ್ಧ ಅಡಗಿರುವಾಗ ಎಫ್/16. ಇಲ್ಲಿ ಮಾತ್ರ ಆ ಮೆತ್ತಗಾಗುವಿಕೆಯನ್ನು ಸಹಿಸಬೇಕು. ಅಪರ್ಚರ್‌ನ ಅಲಗುಗಳು ಸಮಸಂಖ್ಯೆಯಲ್ಲಿದ್ದರೆ ಅಷ್ಟೇ ಕಿರಣ, ಬೆಸವಾದರೆ ಅದರ ಇಮ್ಮಡಿ: 8 ಅಲಗಿಗೆ 8, 9ಕ್ಕೆ 18. ಎದುರಿನ ಗಾಜಿನ ಮೇಲೆ ಒಂದು ಬೆರಳಚ್ಚು ಇದ್ದರೂ ಈಗ ಇಡೀ ಚಿತ್ರ ಮಸುಕಾಗುತ್ತದೆ, ಯುವಿ ಫಿಲ್ಟರ್ ಇದ್ದರೆ ಹಸಿರು ಚುಕ್ಕೆಗಳು ಮೂಡುತ್ತವೆ. ಅದನ್ನು ಬಿಚ್ಚಿ. ಆದರೂ ಚುಕ್ಕೆ ಉಳಿದರೆ ಅದೇ ಫ್ರೇಮ್‌ನಲ್ಲಿ ಸೂರ್ಯನನ್ನು ಬೆರಳಿನಿಂದ ಮರೆಮಾಡಿ ಇನ್ನೊಂದು ತೆಗೆದು, ಆ ಭಾಗವನ್ನು ಮನೆಯಲ್ಲಿ ಇದರಿಂದ ತುಂಬಿಕೊಳ್ಳಬಹುದು.

ಬಿಂಬ ಕಂಡ ಕೂಡಲೇ ಎಲ್ಲರೂ ಪೂರ್ವಕ್ಕೇ ನೋಡುತ್ತಿರುತ್ತಾರೆ. ಹಿಂದೆ ತಿರುಗಿ. ಉದಯಕ್ಕೆ ಮೊದಲು ಪಶ್ಚಿಮದಲ್ಲಿ ನೆಲಕ್ಕಂಟಿಕೊಂಡು ನೀಲಿಬೂದಿ ಪಟ್ಟಿಯೊಂದಿರುತ್ತದೆ, ಅದು ಭೂಮಿಯದೇ ನೆರಳು. ಅದರ ಮೇಲಿನ ನಸುಗುಲಾಬಿ ಪಟ್ಟಿಗೆ ಬೆಲ್ಟ್ ಆಫ್ ವೀನಸ್ ಎಂಬ ಹೆಸರಿದೆ. ಮೋಡವಿಲ್ಲದ ದಿನಕ್ಕೆ ಇದೇ ಬಂಡವಾಳ. ಉದಯದ ಬಳಿಕದ ಮೊದಲ ಅರ್ಧ ಗಂಟೆಯಲ್ಲಿ ಬೆಳಕು ಪಕ್ಕದಿಂದ ಬೀಳುವ ಹಾಗೆ ನಿಂತರೆ ನೆಲದ ಪ್ರತಿ ಉಬ್ಬು ತಗ್ಗಿಗೂ ಉದ್ದ ನೆರಳು ಸಿಗುತ್ತದೆ. ಸೂರ್ಯನನ್ನೇ ಫ್ರೇಮಿನಲ್ಲಿಟ್ಟ ಚಿತ್ರಗಳಿಗಿಂತ ಇವು ಹೆಚ್ಚು ಕಾಲ ನೋಡಿಸಿಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಕಣಿವೆಯ ಮಂಜಿಗೂ ಇದೇ ಸಮಯ. ರಾತ್ರಿ ಆಕಾಶ ಶುಭ್ರವಾಗಿದ್ದು, ಗಾಳಿ ನಿಂತಿದ್ದು, ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) 2 ಡಿಗ್ರಿಗಿಂತ ಕಡಿಮೆ ಅಂತರವಿದ್ದರೆ ಮಂಜು ಕಟ್ಟುವ ಸಾಧ್ಯತೆ ಹೆಚ್ಚು. ಅದನ್ನು ಮೇಲಿನಿಂದ ತೆಗೆಯಬೇಕು, ಒಳಗೆ ನಿಂತರೆ ಬಿಳಿಗೋಡೆ. ಕ್ಯಾಮೆರಾದ ಮೀಟರ್ ಮಂಜನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ +0.7ರಿಂದ +1 ಕೊಡಿ.

ಇಬ್ಬನಿ ಲೆನ್ಸನ್ನೂ ಬಿಡುವುದಿಲ್ಲ. ಎದುರಿನ ಗಾಜು ಇಬ್ಬನಿ ಬಿಂದುವಿಗಿಂತ ತಣ್ಣಗಾದ ಕೂಡಲೇ ಅದರ ಮೇಲೆ ತೇವ ಕೂರುತ್ತದೆ, ಒರೆಸಿದರೆ ಮತ್ತೆ ಬರುತ್ತದೆ. ಯುಎಸ್‌ಬಿ ಪವರ್‌ಬ್ಯಾಂಕ್‌ನಿಂದ ನಡೆಯುವ ಹೀಟರ್ ಪಟ್ಟಿ ಸುತ್ತಿದರೆ ಗಾಜು ಒಂದೆರಡು ಡಿಗ್ರಿ ಬೆಚ್ಚಗಿರುತ್ತದೆ, ಅಷ್ಟೇ ಬೇಕಾದ್ದು. ಎಸಿ ಕೋಣೆಯಿಂದ ನೇರವಾಗಿ ತೇವದ ಗಾಳಿಗೆ ತಂದರೂ ಹೀಗೇ ಆಗುತ್ತದೆ. ಚೀಲ ಮುಚ್ಚಿಟ್ಟೇ ಅರ್ಧ ಗಂಟೆ ಹೊರಗಿಡಿ. ಕಡಲತೀರದಿಂದ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ, ಉಪ್ಪು ಲಾಕ್‌ಗಳನ್ನು ತಿನ್ನುತ್ತದೆ.

ಮನೆಗೆ ಬಂದ ಮೇಲೆ

ಎಡಿಟಿಂಗ್‌ನಲ್ಲಿ ಹೆಚ್ಚಿನ ಚಿತ್ರಗಳು ಹಾಳಾಗುವುದು ನೆಲವನ್ನು ಅತಿಯಾಗಿ ಎತ್ತಿದ್ದರಿಂದ. ಸೂರ್ಯ ಹುಟ್ಟುವ ಮುನ್ನ ನೆಲ ಆಕಾಶಕ್ಕಿಂತ ಕತ್ತಲಾಗಿರುವುದು ಸಹಜ, ಅದನ್ನು ಆಕಾಶದ ಮಟ್ಟಕ್ಕೆ ತಂದರೆ ಕಣ್ಣು ಒಪ್ಪುವುದಿಲ್ಲ. ನೀರಿನ ಪ್ರತಿಬಿಂಬ ಅದರ ಮೇಲಿರುವ ಆಕಾಶಕ್ಕಿಂತ ಯಾವಾಗಲೂ ಸ್ವಲ್ಪ ಗಾಢವಾಗಿರಬೇಕು. ಗ್ರ್ಯಾಡ್ ಫಿಲ್ಟರ್ ಅಥವಾ ಮಾಸ್ಕ್ (ಎಡಿಟಿಂಗ್‌ನಲ್ಲಿ ಚಿತ್ರದ ಒಂದು ಭಾಗವನ್ನಷ್ಟೇ ಬದಲಿಸುವುದು) ಹೆಚ್ಚಾದರೆ ಈ ಸಂಬಂಧ ತಿರುವುಮುರುವಾಗುತ್ತದೆ, ಗುರುತು ಹಿಡಿಯಲು ಇದು ಸುಲಭದ ಪರೀಕ್ಷೆ. ಬ್ರ್ಯಾಕೆಟ್ ಜೋಡಿಸಿದ ಮೇಲೆ ಬೆಟ್ಟದ ಅಂಚನ್ನು ಪೂರ್ತಿ ಹಿಗ್ಗಿಸಿ ನೋಡಿ; ಅಂಚಿನುದ್ದಕ್ಕೂ ಬಿಳಿ ಪ್ರಭೆ ಕಂಡರೆ ಹೈಲೈಟ್, ಶಾಡೋ ಸ್ಲೈಡರ್‌ಗಳನ್ನು ಅರ್ಧಕ್ಕಿಳಿಸಿ. ಸ್ಯಾಚುರೇಷನ್ ಬದಲು ಬಿಳಿ ಸಮತೋಲನವನ್ನು 300ರಿಂದ 500 ಕೆಲ್ವಿನ್ ಸರಿಸಿ ನೋಡಿ, ಬಹುತೇಕ ಅಷ್ಟರಲ್ಲೇ ಬಣ್ಣ ಬಂದಿರುತ್ತದೆ. ನೆರಳಿನ ನೀಲಿಯನ್ನು ಮಾತ್ರ ಪೂರ್ತಿ ತೆಗೆಯಬೇಡಿ. ಆ ಹೊತ್ತಿನಲ್ಲಿ ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶವೇ, ಪಕ್ಕದ ಕಿತ್ತಳೆ ಎದ್ದು ಕಾಣುವುದೂ ಅದರಿಂದಲೇ.